ಎರಡನೆಯ ಸಹಿ (ಕಂತು ೯: ನೀಲಿ ತಂತಿ)

ಸತ್ತು ಮೂರು ದಿನವಾಗಿದ್ದರೂ ಮೇಷ್ಟ್ರು ಸಹಿ ಹಾಕುವುದನ್ನು ಬಿಟ್ಟಿರಲಿಲ್ಲ.

ಅವರದೇ ಮನೆಯ ಊಟದ ಮೇಜಿನ ಮೇಲೆ ಅವರದೇ ಲ್ಯಾಪ್‌ಟಾಪ್ ತೆರೆದಿತ್ತು. ಹತ್ತು ನಿಮಿಷಕ್ಕೊಮ್ಮೆ ಅದರ ಪರದೆಯಲ್ಲಿ ಒಂದು ಹಸಿರು ಗೆರೆ ಮೂಡುತ್ತಿತ್ತು. ಮಧ್ಯಾಹ್ನ ಮೂರು ಇಪ್ಪತ್ನಾಲ್ಕಕ್ಕೆ ಇನ್ನೊಂದು ಮೂಡಿತು. ಇನ್ಸ್‌ಪೆಕ್ಟರ್ ಮುಖ ಸಿಂಡರಿಸಿದಳು. ಮೂವತ್ತು ವರ್ಷದ ನೌಕರಿಯಲ್ಲಿ ಆಕೆ ಸತ್ತವರ ಹೆಸರಿನಲ್ಲಿ ಪಿಂಚಣಿ ಎತ್ತುವವರನ್ನು ಕಂಡಿದ್ದಳು, ಮತ ಹಾಕುವವರನ್ನು ಕಂಡಿದ್ದಳು. ಇಷ್ಟು ನಿಯತ್ತಾಗಿ ಕೆಲಸಕ್ಕೆ ಬರುವ ಸತ್ತವರನ್ನು ಕಂಡದ್ದು ಇದೇ ಮೊದಲು.

"ಇದು ನಿನ್ನ ಮನೆಯಲ್ಲಿರೋ ಯಂತ್ರದಿಂದ ಬರ್ತಾ ಇರೋ ಸಹಿ. ಹೌದೋ ಅಲ್ವೋ?"

"ಹೌದು ಮೇಡಂ."

"ಭಾವನ ಕೀಲಿ ನಿನ್ನ ಯಂತ್ರದಲ್ಲಿ ಯಾಕಿದೆ?"

ಎದುರಿಗೆ ಕೂತವನು ಮೇಷ್ಟ್ರ ಹೆಂಡತಿಯ ತಮ್ಮ. ಇಡೀ ಕಟ್ಟಡಕ್ಕೆ ಆಕೆ ಅಕ್ಕ, ಇವನು ತಮ್ಮ. ಮೂವತ್ತು ದಾಟಿದ ಆಳು, ಮೂರು ದಿನದಿಂದ ಗಡ್ಡ ಬಿಟ್ಟು, ನಿದ್ದೆ ಬಿಟ್ಟು, ಈಗ ಉತ್ತರ ಕೊಡುವುದನ್ನೂ ಬಿಡುವ ಹಾಗೆ ಕಾಣುತ್ತಿದ್ದ.

ನೆಲಮಾಳಿಗೆಯ ಯಂತ್ರದ ಕೋಣೆಯಲ್ಲಿ ಬೆಂಕಿ ಆರಿಸುವ ಅನಿಲ ನುಗ್ಗಿ ಮೇಷ್ಟ್ರು ಉಸಿರುಗಟ್ಟಿ ಸತ್ತಿದ್ದರು. ಒಳಗಿನಿಂದ ಬಾಗಿಲು ತೆರೆಯುವ ಹಸಿರು ಗುಂಡಿಯ ವೈರನ್ನು ಯಾರೋ ಮೊದಲೇ ಕತ್ತರಿಸಿದ್ದರು ಎಂಬುದೊಂದೇ ಇಲ್ಲಿಯವರೆಗೆ ಗೊತ್ತಾದ ಸತ್ಯ.

ವಿಚಾರಣೆಯೆಲ್ಲ ಕೆಳಗಿನ ಕಾರಿಡಾರಿನಲ್ಲೋ ಠಾಣೆಯಲ್ಲೋ ನಡೆದಿತ್ತು. ಪೊಲೀಸರು ಮನೆಯೊಳಗೆ ಕಾಲಿಟ್ಟದ್ದು ಇವತ್ತೇ. ಬಂದವಳೇ ಇನ್ಸ್‌ಪೆಕ್ಟರ್ ಕಿಟಕಿ ಪಕ್ಕದ ಕುರ್ಚಿಗೆ ಕೈ ಹಾಕಿದಾಗ ದಫೇದಾರ ತಡೆದಿದ್ದ.

"ಅದು ಬೇಡ ಮೇಡಂ, ಕಾಲು ಸಡಿಲ. ಇದರಲ್ಲಿ ಕೂತ್ಕೊಳ್ಳಿ."

ತನ್ನ ಮಂಡಿನೋವಿನ ಬಗ್ಗೆ ಗಂಡನಿಗಿಂತ ಈತನಿಗೇ ಹೆಚ್ಚು ಕಾಳಜಿ ಎಂದು ಆಕೆ ಎಷ್ಟೋ ಸಲ ಅಂದುಕೊಂಡದ್ದುಂಟು. ಹನ್ನೆರಡು ವರ್ಷದಿಂದ ಜೊತೆಗಿದ್ದವನು. ಈಗ ಬಾಗಿಲಿಗೆ ಒರಗಿ ನಿಂತು, ತೋಳಿನ ಮೂರು ಪಟ್ಟಿಯ ಕೆಳಗೆ ನೋಟ್‌ಬುಕ್ಕು ಅವುಚಿಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತಿದ್ದ.

"ಯಾಕಿದೆ ಅಂದೆ," ಎಂದಳು ಆಕೆ ಮತ್ತೆ.

"ಹೊಸ ಕೋಡಿಗೆ ಹೋಗೋಕೆ," ಎಂದ ತಮ್ಮ. "ಇವತ್ತು ಐದು ಗಂಟೆಗೆ ಕವಡೆಯ ಸಾಫ್ಟ್‌ವೇರ್ ಬದಲಾಗುತ್ತೆ. ಕೆಳಗಿರೋ ಭಾವನ ಯಂತ್ರ ಹಳೇದು, ಹೊಸ ಕೋಡು ಅದರಲ್ಲಿ ಓಡಲ್ಲ. ಕೀಲಿ ನನ್ನ ಹತ್ರ ಕಳಿಸಿದ್ರು. ಹಳೇದನ್ನ ಆರಿಸಿದ ಮೇಲೆ ನಾನು ನನ್ನದರಲ್ಲಿ ಎಬ್ಬಿಸಬೇಕು. ಅಷ್ಟೇ."

ಅಷ್ಟೇ ಎನ್ನುವುದನ್ನು ಅರ್ಥ ಮಾಡಿಕೊಳ್ಳಲು ಆಕೆಗೆ ಎರಡು ದಿನ ಹಿಡಿದಿತ್ತು. ಕವಡೆ ಎಂಬ ಈ ಹಣಕ್ಕೆ ಬ್ಯಾಂಕಿಲ್ಲ, ಟಂಕಸಾಲೆಯಿಲ್ಲ. ಐನೂರು ಜನ ತಮ್ಮ ತಮ್ಮ ಕವಡೆಯನ್ನು ಪಣಕ್ಕಿಟ್ಟು, ತಮ್ಮ ತಮ್ಮ ಕಂಪ್ಯೂಟರ್ ಯಂತ್ರ ಹಚ್ಚಿಟ್ಟು ಕಾವಲು ಕೂರುತ್ತಾರೆ. ಸರದಿ ಬಂದಾಗ ಒಂದು ಬ್ಲಾಕಿಗೆ, ಅಂದರೆ ವಹಿವಾಟಿನ ಒಂದು ಹಾಳೆಗೆ, ತಮ್ಮ ಗುಟ್ಟಿನ ಕೀಲಿಯಿಂದ ಸಹಿ ಹಾಕುತ್ತಾರೆ. ಒಂದೇ ಹಾಳೆಯ ಎರಡು ಬೇರೆ ಪ್ರತಿಗಳಿಗೆ ಒಂದೇ ಕೀಲಿ ಸಹಿ ಹಾಕಿತೋ, ಅದು ಮೋಸ. ಪಣ ಹೋಗುತ್ತದೆ, ಕೀಲಿ ಕಾವಲಿನಿಂದ ಹೊರಬೀಳುತ್ತದೆ, ಹೆಸರು ಐನೂರು ಜನರ ಬಾಯಿಗೆ ಬೀಳುತ್ತದೆ.

ಹೀಗಾಗಿ ಯಂತ್ರ ಬದಲಿಸುವಾಗ ಈ ಜನ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಾರೆ. ಹಳೆಯದು ಆರಬೇಕು. ಎರಡು ಸರದಿ ಸುಮ್ಮನೆ ಹೋಗಬೇಕು. ಆಮೇಲೆ ಹೊಸದು ಏಳಬೇಕು.

"ಮೊನ್ನೆ ಹಳೇದು ಆರಿರಲಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಬೆಳಗ್ಗೆ ಹನ್ನೊಂದು ಐದಕ್ಕೆ ನೀನು ನಿನ್ನದನ್ನ ಎಬ್ಬಿಸಿದೆ. ಎರಡೂ ಒಟ್ಟಿಗೆ ಓಡ್ತಾ ಇದ್ವು. ಹನ್ನೊಂದು ಏಳಕ್ಕೆ ಕೆಳಗಿನ ಯಂತ್ರದ ಸಂಪರ್ಕ ಹೋಯ್ತು. ಹನ್ನೊಂದು ಒಂಬತ್ತಕ್ಕೆ ಅನಿಲ. ಈ ನಾಲ್ಕು ನಿಮಿಷದಲ್ಲಿ ಏನಾಯ್ತು ಅಂತ ನಾನು ಹೇಳ್ಲಾ, ನೀನು ಹೇಳ್ತೀಯಾ?"



ಆಕೆ ಫೈಲಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು. ಬಾಗಿಲ ಬುಡದಲ್ಲಿ ಮೇಷ್ಟ್ರು ಮಗ್ಗುಲಾಗಿ ಬಿದ್ದಿದ್ದರು. ಬಲಗೈಯಲ್ಲಿ ಯಂತ್ರದಿಂದ ಕಿತ್ತುಬಂದ ನೀಲಿ ನೆಟ್‌ವರ್ಕ್ ತಂತಿಯ ತುದಿ.

"ತನ್ನ ಕೀಲಿ ಇನ್ನೊಂದು ಕಡೆ ಎದ್ದಿದೆ ಅಂತ ಗೊತ್ತಾದ ತಕ್ಷಣ ನಿನ್ನ ಭಾವ ಏನು ಮಾಡ್ತಾರೆ ಅನ್ನೋದು ನಿನಗೆ ಗೊತ್ತಿತ್ತು. ಓಡಿಹೋಗಿ ತಂತಿ ಕೀಳ್ತಾರೆ. ಮೊದಲು ತಂತಿ ಕೀಳು, ಆಮೇಲೆ ಯೋಚನೆ ಮಾಡು. ನಿಮ್ಮ ಪಾಠ ಅಲ್ವಾ ಅದು? ಅವರನ್ನ ಆ ಕೋಣೆಗೆ ಎಳೆಯೋಕೆ ನೀನು ಎರಡನೇ ಯಂತ್ರ ಎಬ್ಬಿಸಿದೆ. ಹಸಿರು ಗುಂಡಿ ಮೊದಲೇ ಸಾಯಿಸಿಟ್ಟಿದ್ದೆ. ಹೊರಗೆ ನಿಂತು ಅನಿಲ ಬಿಡೋ ಕೆಂಪು ಗುಂಡಿ ಒತ್ತಿದೆ."

ತಮ್ಮ ತಲೆ ಎತ್ತಿದ. ಮೂರು ದಿನದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ದುಃಖವಲ್ಲದ ಇನ್ನೇನೋ ಇತ್ತು.

"ಆ ಮಾತು ನಿಮಗೆ ಯಾರು ಹೇಳಿದ್ರು?"

"ಯಾವ ಮಾತು?"

"ತಂತಿ ಮಾತು."

"ನಿಮ್ಮ ಕಸುಬಲ್ಲಿ ಎಲ್ಲರೂ ಹೇಳೋದಂತಲ್ಲ. ನಮ್ಮ ದಫೇದಾರರಿಗೇ ಗೊತ್ತಿದೆ, ನಿನಗೆ ಗೊತ್ತಿಲ್ವಾ?" ಎಂದಳು ಆಕೆ ಅಸಹನೆಯಿಂದ. "ಪ್ರಶ್ನೆ ಕೇಳೋಳು ನಾನು."

ತಮ್ಮ ದಫೇದಾರನ ಕಡೆ ನೋಡಿದ. ದಫೇದಾರ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದ. "ನಮ್ಮ ಅಳಿಯನೂ ಇದರಲ್ಲಿ ಸ್ವಲ್ಪ ಕೈಯಾಡಿಸ್ತಾನೆ, ಅವನು ಹೇಳ್ತಾ ಇರ್ತಾನೆ," ಎಂದು ತಲೆ ಎತ್ತದೆಯೇ ಗೊಣಗಿದ.

"ನಾನು ಮನೆಯಲ್ಲಿದ್ದೆ," ಎಂದ ತಮ್ಮ ಕೊನೆಗೆ.

"ಯಂತ್ರ ಮನೆಯಲ್ಲಿತ್ತು. ನೀನಿದ್ದೆಯೋ ಇಲ್ವೋ, ಅದಕ್ಕೆ ಸಾಕ್ಷಿ ಇಲ್ಲ. ಫೋನಲ್ಲೇ ಎಬ್ಬಿಸಬಹುದಂತೆ. ಕಾರಿಡಾರಲ್ಲಿ ನಿಂತೇ ಎಬ್ಬಿಸಬಹುದು."

"ಎರಡು ಸರದಿ ಕಾದೆ ಮೇಡಂ. ಹತ್ತು ನಲವತ್ತೈದರಿಂದ ಹನ್ನೊಂದು ಐದರವರೆಗೆ. ಎಬ್ಬಿಸಲೇಬೇಕು ಅಂತಿದ್ದವನು ಯಾಕೆ ಕಾಯಲಿ?"

ಇದಕ್ಕಾಗಿಯೇ ಆಕೆ ಕಾದು ಕೂತಿದ್ದಳು. ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿದಳು.

"ಕಾದೆ. ಸರಿ. ಕಾಯೋದು ಯಾಕೆ? ಹಳೇ ಯಂತ್ರದಿಂದ ಸಹಿ ಬರ್ತಾ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ. ಆದರೆ ಇಲ್ಲಿ ನೋಡು. ಹತ್ತು ಐವತ್ನಾಲ್ಕಕ್ಕೆ ಒಂದು. ಹನ್ನೊಂದು ನಾಲ್ಕಕ್ಕೆ ಇನ್ನೊಂದು. ಹಳೇದು ಸಹಿ ಹಾಕ್ತಾನೇ ಇದೆ. ಕಣ್ಣು ಬಿಟ್ಟು ನೋಡಿದ್ರೆ ಸಾಕಿತ್ತು. ಇಪ್ಪತ್ತು ನಿಮಿಷ ಕಾದವನು ಒಂದು ಸಲವೂ ನೋಡಲಿಲ್ಲ ಅಂದ್ರೆ ಯಾರು ನಂಬ್ತಾರೋ?"

ತಮ್ಮ ಪರದೆಯ ಆ ಎರಡು ಗೆರೆಗಳ ಮೇಲೆ ಬೆರಳಿಟ್ಟ.

"ಕಾದೆ, ನೋಡಲಿಲ್ಲ," ಎಂದ. "ಹಳೇದು ಆರಿದೆ ಅಂತ ಫೋನು ಬಂದಿತ್ತು."

"ಯಾರಿಂದ?"

ಅವನು ಅಡುಗೆಮನೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಭಾವನಿಂದಲಾ?"

"ಭಾವ ಹೇಳಿದ್ರೂ ನಾನು ನೋಡ್ತೀನಿ. ಅವರೇ ಕಲಿಸಿದ್ದು, ಯಾರು ಹೇಳಿದ್ರೂ ನೋಡು ಅಂತ."

"ಹಾಗಾದ್ರೆ ಯಾರ ಮಾತು ಅಂತ ನೋಡದೆ ನಂಬಿದೆ?"

ಅವನು ಮುಷ್ಟಿ ಬಿಗಿಹಿಡಿದು ಕೂತ. ಬೈಗುಳಕ್ಕೂ ಬೆದರಿಕೆಗೂ ಜಗ್ಗದ ಮೌನ ಯಾವುದು, ಯಾರನ್ನೋ ಕಾಪಾಡುವ ಮೌನ ಯಾವುದು ಎಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಇದು ಎರಡನೆಯದು.

ಅಡುಗೆಮನೆಯಲ್ಲಿ ನಲ್ಲಿ ನಿಂತ ಸದ್ದು. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಾಗಿಲಿಗೆ ಬಂದಳು. ದಫೇದಾರ ಚಂಗನೆ ಮುಂದೆ ಬಂದು ಫೋಟೋವನ್ನು ಬೋರಲು ಹಾಕಿದ.

"ಬೇಡ ಅಕ್ಕಾ, ನೀವು ನೋಡಬೇಡಿ."

ಒಳ್ಳೆಯ ಮನುಷ್ಯ ಅಂದುಕೊಂಡಳು ಇನ್ಸ್‌ಪೆಕ್ಟರ್.

"ಫೋನ್ ಮಾಡಿದ್ದು ನಾನು," ಎಂದಳು ಅಕ್ಕ.

"ಅಕ್ಕಾ, ನೀನು ಒಳಗೆ ಹೋಗು!"

"ಸುಮ್ಮನಿರೋ. ಮೂರು ದಿನ ನೀನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಒಬ್ಬರನ್ನೊಬ್ಬರು ಕಾಪಾಡೋಕೆ ಹೋಗಿ ಈಗ ನಿನ್ನನ್ನೇ ಕಳ್ಕೋಬೇಕಾ ನಾನು?"

ಅವಳ ದನಿ ಒಡೆಯಲಿಲ್ಲ, ಒಣಗಿತ್ತು. ಅಪ್ಪ ಅಮ್ಮ ಹೋದಾಗ ಇವಳಿಗೆ ಹತ್ತೊಂಬತ್ತು, ಅವನಿಗೆ ಆರು. ಮದುವೆಯಾಗಿ ಬರುವಾಗಲೂ ಅವನನ್ನು ಕೈಹಿಡಿದೇ ಕರೆತಂದಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗ. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಈ ಒಂದು ಜೀವ, ಅದನ್ನು ಇವತ್ತು ಜೀಪು ಹತ್ತಿಸುವುದೆಂದು ಇನ್ಸ್‌ಪೆಕ್ಟರ್ ಬೆಳಗ್ಗೆಯೇ ನಿರ್ಧರಿಸಿ ಬಂದಿದ್ದಳು.

"ಅವರು ಹೇಳು ಅಂದ್ರು, ಹೇಳಿದೆ," ಎಂದಳು ಅಕ್ಕ. "ಯಂತ್ರ ಆರಿಸಿಲ್ಲ, ಆದರೆ ಆರಿಸಿದೆ ಅಂತ ನಿನ್ನ ತಮ್ಮನಿಗೆ ಹೇಳು ಅಂದ್ರು. ಯಾಕೆ ನೀವೇ ಹೇಳಬಾರದಾ ಅಂದೆ. ನಾನು ಹೇಳಿದ್ರೆ ಅವನು ಪರೀಕ್ಷೆ ಮಾಡ್ತಾನೆ, ನೀನು ಹೇಳಿದ್ರೆ ಮಾಡಲ್ಲ ಅಂದ್ರು."

ತಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ತಮ್ಮದೇ ಕೀಲಿಯಿಂದ ಎರಡು ಸಹಿ ಬೀಳಲಿ ಅಂತ ಮೇಷ್ಟ್ರಿಗೇ ಬೇಕಿತ್ತಾ?" ಇನ್ಸ್‌ಪೆಕ್ಟರ್ ದನಿ ತಗ್ಗಿತು. "ಮಾನ ಹೋಗೋ ಕೆಲಸ ಅಂತೀರಲ್ಲ ಅದನ್ನ?"

"ರಾತ್ರಿಯೆಲ್ಲ ಅಳ್ತಾ ಇದ್ರು ಮೇಡಂ. ಹೊಸ ಕೋಡಲ್ಲಿ ಒಂದು ಕಳ್ಳದಾರಿ ಇದೆಯಂತೆ. ಐದು ಗಂಟೆ ಆದ ಮೇಲೆ ಎಲ್ಲರೂ ಪಣಕ್ಕಿಟ್ಟಿದ್ದನ್ನ ಯಾರೋ ಒಬ್ಬ ಬಾಚ್ಕೊಂಡು ಹೋಗಬಹುದಂತೆ. ಶಿಷ್ಯ ತಂದುಕೊಟ್ಟದ್ದು ಅಂತ ಕಣ್ಣುಮುಚ್ಚಿ ಒಪ್ಪಿಗೆ ಕೊಟ್ಟುಬಿಟ್ಟೆ ಕಣೇ ಅಂದ್ರು. ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳೋಕೆ ಬರಲ್ಲವಂತೆ."

"ಬರಲ್ಲ," ಎಂದ ತಮ್ಮ, ಮುಖದಿಂದ ಕೈ ತೆಗೆಯದೆ. "ಕೋಡು ಬದಲಿಸೋಕೆ ಮೂವರು ಪಾಲಕರ ಒಪ್ಪಿಗೆ ಬೇಕು, ಭಾವ ಅವರಲ್ಲೊಬ್ಬರು. ಕೊಟ್ಟ ಮೇಲೆ ಕೊಟ್ಟ ಹಾಗೆಯೇ. ಒಂದೇ ಒಂದು ದಾರಿ. ಎರಡು ಸಹಿ ಹಾಕಿ ಸಿಕ್ಕಿಬಿದ್ದವನ ಒಪ್ಪಿಗೆ ತಾನಾಗಿ ರದ್ದಾಗುತ್ತೆ. ಮೂರು ಇದ್ದದ್ದು ಎರಡಾಗುತ್ತೆ. ಬದಲಾವಣೆ ನಿಲ್ಲುತ್ತೆ." ಅವನ ಭುಜ ಕುಲುಕಿತು. "ಅವರು ತಾವಾಗಿ ಕಳ್ಳ ಅನ್ನಿಸಿಕೊಳ್ಳೋಕೆ ಹೊರಟಿದ್ರು. ನಾನು ದೊಡ್ಡ ಶಿಸ್ತಿನವನ ಹಾಗೆ ಇಪ್ಪತ್ತು ನಿಮಿಷ ಕಾದೆ! ಕಾಯದೆ ಎಬ್ಬಿಸಿದ್ದಿದ್ರೆ ಹತ್ತು ಐವತ್ನಾಲ್ಕಕ್ಕೇ ಎರಡು ಸಹಿ ಬಿದ್ದು ಎಲ್ಲಾ ಮುಗಿದುಹೋಗ್ತಿತ್ತು. ಅವರು ಬದುಕಿರ್ತಿದ್ರು ಅಕ್ಕಾ."

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು.

"ಶಿಷ್ಯ ಅಂದ್ರೆ ಇವನೇ ತಾನೆ?" ಎಂದಳು ಇನ್ಸ್‌ಪೆಕ್ಟರ್.

"ಇವನನ್ನ ಅವರು ಯಾವತ್ತೂ ಶಿಷ್ಯ ಅಂದಿಲ್ಲ. ಭಾನುವಾರ ಒಬ್ಬರು ಬರ್ತಿದ್ರು, ಮೂರು ತಿಂಗಳಿಂದ. ಭಾನುವಾರ ಬೆಳಗ್ಗೆ ನಾನು ಹೊಲಿಗೆ ಕಲಿಸೋಕೆ ಹೋಗ್ತೀನಿ, ಮುಖ ನೋಡಿಲ್ಲ. ಬಂದಾಗ ತೊಳೆಯೋಕೆ ಎರಡು ಲೋಟ ಇರ್ತಿದ್ವು. ವಯಸ್ಸಾದವರಂತೆ, ಈ ವಯಸ್ಸಲ್ಲಿ ಕಲೀತಿದ್ದೀನಿ ಅಂದ್ರೆ ಕೆಲಸದ ಜಾಗದಲ್ಲಿ ನಗ್ತಾರೆ, ಹೆಸರು ಹೇಳಬೇಡಿ ಅಂದಿದ್ರಂತೆ. ಅವರು ಹೇಳಲೂ ಇಲ್ಲ. ಮಾತು ಅಂದ್ರೆ ಮಾತು ಅವರಿಗೆ."

ಪರದೆಯಲ್ಲಿ ಹಸಿರು ಗೆರೆ ಮೂಡಿತು. ಮೂರು ಐವತ್ನಾಲ್ಕು.

ತಮ್ಮ ತಟ್ಟನೆ ಎದ್ದು ನಿಂತ. ಕಣ್ಣು ಒರೆಸಿಕೊಂಡ. ಅಷ್ಟು ಹೊತ್ತು ಅಳುತ್ತಿದ್ದವನ ಮುಖ ಅದಲ್ಲ ಅನ್ನಿಸುವ ಹಾಗೆ ಗಟ್ಟಿಯಾಗಿತ್ತು.

"ಮೇಡಂ, ಇನ್ನೂ ಸಮಯ ಇದೆ. ನನ್ನ ಮನೆಯ ಯಂತ್ರ ಓಡ್ತಾ ಇದೆ. ಕೆಳಗಿನ ಹಳೇದಕ್ಕೆ ನೀಲಿ ತಂತಿ ವಾಪಸ್ ಸಿಕ್ಕಿಸಿದ್ರೆ ಸಾಕು. ಮೂರು ದಿನದ ಬ್ಲಾಕುಗಳನ್ನ ಓದಿ ಮುಗಿಸೋಕೆ ಅದಕ್ಕೆ ಅರ್ಧ ಗಂಟೆ ಬೇಕು. ನಾಲ್ಕು ನಲವತ್ನಾಲ್ಕರ ಸರದಿಗೆ ಎರಡು ಸಹಿ ಬೀಳುತ್ತೆ. ಐದಕ್ಕೆ ಮೊದಲು ಎಲ್ಲಾ ನಿಲ್ಲುತ್ತೆ."

"ಅದು ಪೊಲೀಸ್ ಮುದ್ರೆ ಹಾಕಿರೋ ಕೋಣೆ."

"ಐನೂರು ಮನೆ ಮುಳುಗುತ್ತೆ ಮೇಡಂ. ಭಾವ ಸತ್ತದ್ದು ಇದಕ್ಕೇ."

ಇನ್ಸ್‌ಪೆಕ್ಟರ್ ಅಕ್ಕನನ್ನು ನೋಡಿದಳು. ನಿಯಮ ಮುರಿದರೆ ತನ್ನ ತಲೆಗೆ ಬರುತ್ತದೆ. ಮುರಿಯದಿದ್ದರೆ ಸತ್ತವರ ಕೊನೆಯ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಿವೃತ್ತಿಗೆ ಎಂಟು ತಿಂಗಳು ಉಳಿದವಳಿಗೆ ಹೆದರಲು ಹೆಚ್ಚೇನೂ ಉಳಿದಿರುವುದಿಲ್ಲ.

"ಹೋಗು. ಆದರೆ ಒಬ್ಬನೇ ಅಲ್ಲ."

"ದಫೇದಾರರೇ ಬರಲಿ," ಎಂದ ತಮ್ಮ. "ಆ ಬಾಗಿಲು ತೆಗೆಯೋ ಕಾರ್ಡು ಅವರ ಹತ್ರಾನೇ ಇದೆಯಲ್ಲ."

ದಫೇದಾರ ಪೆನ್ನಿನ ಮುಚ್ಚಳ ಹಾಕಿದ. "ನಾನು ನೋಡ್ಕೋತೀನಿ ಮೇಡಂ. ಆ ಮೆಟ್ಟಿಲು ನಿಮ್ಮ ಮಂಡಿಗೆ ಆಗಿಬರಲ್ಲ, ನೀವು ಇಲ್ಲೇ ಕೂತಿರಿ."

"ಹುಷಾರು. ಇನ್ನೂ ಎರಡು ಸಿಲಿಂಡರ್ ತುಂಬಿವೆ ಅಂತ ಎಲೆಕ್ಟ್ರಿಷಿಯನ್ ಹೇಳಿದ್ದು ನೆನಪಿದೆ ತಾನೆ?"

ನೆನಪಿರದೆ ಏನು. ಎಲೆಕ್ಟ್ರಿಷಿಯನ್ ನಿನ್ನೆ ಆಕೆಯನ್ನೂ ದಫೇದಾರನನ್ನೂ ನಿಲ್ಲಿಸಿಕೊಂಡು ಪಾಠವೇ ಮಾಡಿದ್ದ. ಕಾರಿಡಾರಿನ ಕೆಂಪು ಗುಂಡಿ ಒತ್ತಿದರೆ ಮೂವತ್ತು ಸೆಕೆಂಡು ಗಂಟೆ. ಅಷ್ಟರೊಳಗೆ ಹೊರಗಿನಿಂದ ಕಾರ್ಡು ತೋರಿಸಿ ಬಾಗಿಲು ತೆರೆದರೆ ಗಂಟೆ ನಿಲ್ಲುತ್ತದೆ, ಅನಿಲ ಬರುವುದಿಲ್ಲ. ತೆರೆಯದಿದ್ದರೂ ಗಂಟೆ ನಿಲ್ಲುತ್ತದೆ. ಆಗ ಅನಿಲ ಬರುತ್ತದೆ. ಹಸಿರು ಗುಂಡಿಯನ್ನು ಸಾಕ್ಷ್ಯವೆಂದು ಹಾಗೆಯೇ ಬಿಟ್ಟಿದ್ದರು, ಕತ್ತರಿಸಿದ ವೈರಿನ ಸಮೇತ.

ತಮ್ಮನೂ ದಫೇದಾರನೂ ಹೋದರು. ಬಾಗಿಲು ದಾಟುವಾಗ ತಮ್ಮ ಹಿಂತಿರುಗಿ ಅಕ್ಕನನ್ನು ಒಂದು ಗಳಿಗೆ ನೋಡಿದ. ಆಫೀಸಿಗೆ ಹೊರಟವನು ನೋಡುವ ನೋಟವಾಗಿರಲಿಲ್ಲ ಅದು.

ಇನ್ಸ್‌ಪೆಕ್ಟರ್ ಮಂಡಿ ನೀವಿಕೊಂಡು ಎದ್ದು ಕಿಟಕಿಯ ಹತ್ತಿರ ಹೋದಳು. ಏನೋ ಒಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಮೇಷ್ಟ್ರಿಗೆ ಎರಡು ಯಂತ್ರವೂ ಓಡುವುದು ಬೇಕಿತ್ತು. ಹನ್ನೊಂದು ಹದಿನಾಲ್ಕರ ಸರದಿಗೆ ಎರಡು ಸಹಿ ಬೀಳಲಿ ಎಂದು ಕಾಯುತ್ತಿದ್ದವರು. ಅಂಥವರು ಹನ್ನೊಂದು ಏಳಕ್ಕೆ ತಂತಿ ಯಾಕೆ ಕಿತ್ತರು?

ಯೋಚಿಸುತ್ತಲೇ ಪಕ್ಕದ ಕುರ್ಚಿ ಎಳೆದುಕೊಂಡಳು.

"ಅಯ್ಯೋ, ಅದರಲ್ಲಿ ಕೂರಬೇಡಿ!" ಎಂದಳು ಅಕ್ಕ. "ಕಾಲು ಸಡಿಲ ಇದೆ. ನೋಡೋಕೆ ಗೊತ್ತಾಗಲ್ಲ. ರಿಪೇರಿ ಮಾಡಿಸ್ತೀನಿ ಅಂತಾನೇ ಇದ್ರು ಅವರು. ಒಂದು ಸಲ ಬಿದ್ದವರಿಗೇ ಗೊತ್ತು ಅದರ ಗುಣ."

ಇನ್ಸ್‌ಪೆಕ್ಟರಿನ ಕೈ ಕುರ್ಚಿಯ ಬೆನ್ನಿನ ಮೇಲೆ ಹಾಗೆಯೇ ನಿಂತಿತು.

"ಮೊನ್ನೆ ದಫೇದಾರರು ನಿಮ್ಮ ಹೇಳಿಕೆ ಬರ್ಕೊಂಡರಲ್ಲ. ಇಲ್ಲೇ ಕೂತು ಬರ್ಕೊಂಡರಾ?"

"ಇಲ್ಲ, ಕೆಳಗೆ ಮೆಟ್ಟಿಲ ಮೇಲೇ. ಮನೆಯೊಳಗೆ ಬಂದೇ ಇಲ್ಲ. ಇವತ್ತೇ ಮೊದಲು."

ಆಕೆ ಕುರ್ಚಿಯನ್ನು ಅಲುಗಿಸಿ ನೋಡಿದಳು. ನಾಲ್ಕು ಕಾಲೂ ನೆಟ್ಟಗೇ ಕಾಣುತ್ತಿದ್ದವು.

ಇಷ್ಟರಲ್ಲಿ ಅಕ್ಕ ಮೇಜು ಒರೆಸಲು ಹೋಗಿ ಬೋರಲು ಬಿದ್ದಿದ್ದ ಫೋಟೋವನ್ನು ಎತ್ತಿದ್ದಳು. ಕೆಲವರಿಗೆ ಸಂಕಟ ಬಂದಾಗ ಕೈ ಸುಮ್ಮನಿರುವುದಿಲ್ಲ. ತಿರುಗಿಸಿ ನೋಡಿದಳು. ಇನ್ಸ್‌ಪೆಕ್ಟರ್ ತಡೆಯುವ ಮೊದಲೇ ನೋಡಿದಳು.

ಅವಳು ಅಳಲಿಲ್ಲ. ಹುಬ್ಬು ಗಂಟಿಕ್ಕಿದಳು.

"ಇದೇನು ಅವರ ಕೈಲಿ?"

"ತಂತಿ. ಅವರು ಕಿತ್ತ ನೀಲಿ ತಂತಿ."

"ಇದನ್ನ ಯಾರು ಇಟ್ರು?"

"ಅಂದ್ರೆ?"

"ನಾನು ನೋಡಿದಾಗ ಇರಲಿಲ್ಲ." ಅಕ್ಕ ತನ್ನ ಬಲಗೈ ಎತ್ತಿ, ಬೆರಳು ಬಿಡಿಸಿ, ಗಾಳಿಗೆ ಒತ್ತಿ ತೋರಿಸಿದಳು. "ಗಂಟೆ ಸದ್ದು ಕೇಳಿ ಕೆಳಗೆ ಓಡಿದೆ. ಹೋಗೋಷ್ಟರಲ್ಲಿ ಗಂಟೆ ನಿಂತಿತ್ತು. ಬಾಗಿಲಲ್ಲಿ ಗಾಜಿದೆಯಲ್ಲ, ಅದರ ತುಂಬ ಬಿಳೀ ಹೊಗೆ. ಹೊಗೆ ಒಳಗಿಂದ ಅವರ ಬಲಗೈ ಬಂತು. ಹೀಗೆ. ಬರೀ ಅಂಗೈ. ನನ್ನ ಹತ್ರ ಕಾರ್ಡು ಇರಲಿಲ್ಲ. ಈ ಕಡೆಯಿಂದ ನಾನೂ ಕೈಯಿಟ್ಟೆ. ಅದು ಕೆಳಗೆ ಜಾರೋ ತನಕ ಇಟ್ಕೊಂಡೇ ನಿಂತಿದ್ದೆ. ಆ ಕೈಯಲ್ಲಿ ಏನೂ ಇರಲಿಲ್ಲ ಮೇಡಂ."

ಇನ್ಸ್‌ಪೆಕ್ಟರ್ ಕುರ್ಚಿ ಬಿಟ್ಟು ಅವಳ ಹತ್ತಿರ ಬಂದಳು.

"ಇದನ್ನ ನೀವು ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ! ಹೇಳಿಕೆ ಬರ್ಕೊಂಡವರಿಗೆ ಹೇಳಿದೆ. ಎರಡೆರಡು ಸಲ ಹೇಳಿದೆ. ಅವರು ಬರ್ಕೊಳ್ಳಲಿಲ್ವಾ?"

ಬರೆದುಕೊಂಡಿರಲಿಲ್ಲ. ಆ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ನಾಲ್ಕು ಸಲ ಓದಿದ್ದಳು. ಅದರಲ್ಲಿ ಹೊಗೆಯಿತ್ತು, ಗಾಜಿತ್ತು. ಕೈ ಇರಲಿಲ್ಲ.

ಅನಿಲ ಇಳಿದ ಮೇಲೆ ಕಟ್ಟಡದ ಮೇಲ್ವಿಚಾರಕನಿಂದ ಕಾರ್ಡು ತೆಗೆದುಕೊಂಡು ಮೊದಲು ಒಳಹೊಕ್ಕವನು ದಫೇದಾರ. ಇಲ್ಲೇ ಹತ್ತಿರದಲ್ಲಿದ್ದೆ ಮೇಡಂ ಎಂದಿದ್ದ. ಆಕೆ ಬಂದು ಸೇರುವವರೆಗೆ ಏಳು ನಿಮಿಷ ಶವದ ಜೊತೆ ಒಬ್ಬನೇ ಇದ್ದ. ಆಕೆ ಬಾಗಿಲು ದಾಟುತ್ತಿದ್ದಂತೆ ಸತ್ತವರ ಕೈಯನ್ನು ತೋರಿಸಿ ಹೇಳಿದ್ದ: ಇವರ ಕಸುಬಲ್ಲಿ ಒಂದು ಮಾತಿದೆ ಮೇಡಂ, ಮೊದಲು ತಂತಿ ಕೀಳು, ಆಮೇಲೆ ಯೋಚನೆ ಮಾಡು.

ಮೂರು ದಿನ ಆಕೆ ಕಟ್ಟಿದ್ದ ಇಡೀ ಕೇಸು ಆ ಒಂದು ಮಾತಿನ ಮೇಲೆ ನಿಂತಿತ್ತು. ತಂತಿ ಕಿತ್ತದ್ದು ಮೇಷ್ಟ್ರಲ್ಲ, ಎರಡು ಸಹಿ ಬೀಳಬಾರದೆಂದು ಬೇರೆಯವನು ಕಿತ್ತು ಆಮೇಲೆ ಸತ್ತವರ ಕೈಗೆ ಇಟ್ಟಿದ್ದ.

"ಅಕ್ಕಾ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಮೊದಲು ತಂತಿ ಕೀಳು ಅನ್ನೋ ಮಾತು. ನಿಮ್ಮ ಯಜಮಾನರು ಯಾರು ಯಾರಿಗೆ ಹೇಳ್ತಿದ್ರು?"

"ಅದಾ? ಅದು ಈ ಮೇಜಿನ ಮಾತು. ಹೊರಗೆ ಹೇಳಿದ್ರೆ ಬೇರೆಯವರು ಬೈತಾರೆ, ಹಾಗೆ ತಂತಿ ಕೀಳೋದು ತಪ್ಪಂತೆ. ಇಲ್ಲಿ ಕೂತು ಕಲಿತವರಿಗೆ ಮಾತ್ರ ಹೇಳ್ತಿದ್ರು. ಇವನಿಗೆ. ಆಮೇಲೆ ಆ ಭಾನುವಾರದವರಿಗೆ ಹೇಳಿರಬೇಕು."

ಆ ಮಾತು ನಿಮಗೆ ಯಾರು ಹೇಳಿದ್ರು ಎಂದು ಕೇಳಿದಾಗಿನ ತಮ್ಮನ ಕಣ್ಣು ಆಕೆಗೆ ನೆನಪಾಯಿತು. ದಫೇದಾರರೇ ಬರಲಿ ಎಂದದ್ದು ನೆನಪಾಯಿತು. ಯಾವ ಮಂಕು ಕವಿದಿತ್ತು ತನಗೆ! ಹುಡುಗನನ್ನು ತಾನೇ ಕೈಯಾರೆ ಕೊಲೆಗಾರನ ಜೊತೆ ಕೆಳಗೆ ಕಳಿಸಿದ್ದಳು.

ಫೋನಿಗೆ ಕೈ ಹಾಕಿದಳು. ಅಷ್ಟರಲ್ಲಿ ಕೆಳಗೆ ಗಂಟೆ ಹೊಡೆಯತೊಡಗಿತು.

ಅಕ್ಕ ಫೋಟೋ ಬಿಸಾಕಿ ಬರಿಗಾಲಲ್ಲಿ ಓಡಿದಳು. ಮೊನ್ನೆ ಆ ಗಂಟೆಯನ್ನು ಕೇಳಿದವಳಿಗೆ ಇವತ್ತು ಯಾರೂ ಅರ್ಥ ಹೇಳಬೇಕಿರಲಿಲ್ಲ.

ಮೂವತ್ತಾರು ಮೆಟ್ಟಿಲು. ಇನ್ಸ್‌ಪೆಕ್ಟರ್ ಕಟಕಟೆ ಹಿಡಿದು ಎರಡೆರಡು ಮೆಟ್ಟಿಲು ಹಾರಿದಳು. ಮಂಡಿಯಲ್ಲಿ ಏನೋ ಕಳಕ್ಕೆಂದಿತು. ಬಿಟ್ಟುಬಿಟ್ಟಳು. ಎಣಿಸುವುದು ಬೇಡವೆಂದರೂ ಮನಸ್ಸು ಸೆಕೆಂಡು ಎಣಿಸುತ್ತಿತ್ತು. ಹದಿನಾಲ್ಕು. ಹದಿನೈದು. ಗಂಟೆಯ ಸದ್ದಿಗೆ ಗೋಡೆಯೇ ಅದುರುವ ಹಾಗಿತ್ತು.

ಇಪ್ಪತ್ತಕ್ಕೆ ಕಾರಿಡಾರು ಕಂಡಿತು.

ಬಾಗಿಲ ಗಾಜಿನ ಮೇಲೆ ಒಳಗಿನಿಂದ ಒಂದು ಅಂಗೈ ಒತ್ತಿಕೊಂಡಿತ್ತು. ಅಗಲವಾದ ಕೈ. ಮೇಲಕ್ಕೆ ಸರಿದ ತೋಳಿನಲ್ಲಿ ಮೂರು ಪಟ್ಟಿ.

ಕೆಂಪು ಗುಂಡಿಯ ಪಕ್ಕ, ಹೊರಗೆ, ತಮ್ಮ ನಿಂತಿದ್ದ. ಅವನ ಮುಷ್ಟಿಯಲ್ಲಿ ಕಾರ್ಡಿತ್ತು.

"ಬಾಗಿಲು ತೆಗಿ!" ಇನ್ಸ್‌ಪೆಕ್ಟರ್ ಕೂಗಿದಳು.

"ತಂತಿ ಯಾವ ತೂತಿಗೆ ಅಂತ ನಾನು ಹೇಳಲೇ ಇಲ್ಲ ಮೇಡಂ," ಎಂದ ತಮ್ಮ. ಗಂಟೆಯ ನಡುವೆಯೂ ಅವನ ದನಿ ಶಾಂತವಾಗಿತ್ತು. "ನನ್ನ ಕೈ ನಡುಗ್ತಿದೆ, ನೀವೇ ಸಿಕ್ಕಿಸಿ ಅಂದೆ. ಬಾಗಿಲು ಹಿಡ್ಕೋತೀನಿ ಅಂತ ಕಾರ್ಡು ಇಸ್ಕೊಂಡೆ. ಕತ್ತಲೆಯಲ್ಲೇ ಸೀದಾ ಆ ಯಂತ್ರದ ಹತ್ರ ಹೋದ. ಹನ್ನೆರಡು ಯಂತ್ರ ಇವೆ ಒಳಗೆ. ಭಾವನದು ಯಾವುದು ಅಂತ ಕೇಳಲೂ ಇಲ್ಲ."

ಒಳಗೆ ಅಂಗೈ ಗಾಜನ್ನು ಬಡಿಯುತ್ತಿತ್ತು. ದಫೇದಾರನ ಬಾಯಿ ತೆರೆದು ಮುಚ್ಚುತ್ತಿತ್ತು. ಮೇಡಂ ಎನ್ನುತ್ತಿದ್ದನೋ, ಇನ್ನಾರದೋ ಹೆಸರು ಹೇಳುತ್ತಿದ್ದನೋ, ಗಾಜು ಒಂದನ್ನೂ ಹೊರಗೆ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ನೀಲಿ ತಂತಿಯ ತುದಿ ತೂಗುತ್ತಿತ್ತು.

"ಅವನು ಸತ್ತರೆ ಆ ಕೋಡು ಅವನ ಕೈಗೆ ಕೊಟ್ಟವರು ಯಾರು ಅಂತ ಯಾವತ್ತೂ ಗೊತ್ತಾಗಲ್ಲ ಕಣೋ!"

ತಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಗಾಜಿನ ಮೇಲಿನ ಕೈಯನ್ನೇ ನೋಡುತ್ತಿದ್ದ. "ಭಾವ ಇಷ್ಟೇ ಹೊತ್ತು ಬಡಿದಿರಬೇಕು ಅಲ್ವಾ ಅಕ್ಕಾ?"

ಅಕ್ಕ ಅವನ ಮುಂದೆ ಹೋಗಿ ನಿಂತಳು. ಮೂರು ದಿನದ ಹಿಂದೆ ಗಾಜಿಗೆ ಒತ್ತಿದ್ದ ಅದೇ ಕೈಯನ್ನು ಚಾಚಿದಳು.

"ನನಗಿರೋನು ನೀನೊಬ್ಬ," ಎಂದಳು. "ಕಾರ್ಡು ಕೊಡು."

ಅವನು ಅಕ್ಕನನ್ನು ನೋಡಿದ. ಅವಳ ಮಾತನ್ನು ಅವನು ಹುಟ್ಟಿದಾಗಿನಿಂದ ಪರೀಕ್ಷಿಸಿದವನಲ್ಲ. ಮುಷ್ಟಿ ಒಂದಿಷ್ಟು ಸಡಿಲಿತು, ಅಥವಾ ಇನ್ಸ್‌ಪೆಕ್ಟರಿಗೆ ಹಾಗೆ ಕಂಡಿತು. ಆಕೆ ಕುಂಟುತ್ತ ಮುಂದಕ್ಕೆ ಧಾವಿಸಿದಳು.

ಗಂಟೆ ನಿಂತಿತು.